ತೇಲಿದ ಹನಿ

ಕೇಳುಗರಿಗೆ ನಮಸ್ಕಾರ.

ಅಡಿಕೆ ತೋಟ ಇದ್ದವರಿಗೆ ಮೈಲುತುತ್ತ ಗೊತ್ತು. ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುತ್ತೇವಲ್ಲ, ಅದೇ. ರಕ್ತದಾನ ಶಿಬಿರದ ಮೊದಲ ಮೇಜಿನ ಮೇಲೂ ಎಷ್ಟೋ ಕಡೆ ಅದೇ ನೀಲಿ ನೀರು. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ಅದಕ್ಕೆ ಬಿಡುತ್ತೇವೆ. ರಕ್ತದಲ್ಲಿನ ಕಬ್ಬಿಣವುಳ್ಳ ಕೆಂಪು ಅಂಶ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12.5 ಗ್ರಾಂ ಇದ್ದರೆ ಹನಿ ಸರ್ರನೆ ಮುಳುಗುತ್ತದೆ. ಕಡಿಮೆಯಿದ್ದರೆ ತೇಲುತ್ತದೆ. ತೇಲಿತೋ, "ಈ ಸಲ ಬೇಡಮ್ಮ" ಎಂದು ಕಳಿಸುತ್ತೇವೆ.

ಬೇಡಮ್ಮ ಎಂದದ್ದು ಬಾಯಿತಪ್ಪಿ ಅಲ್ಲ. ವಾಪಸ್ ಹೋಗುವವರಲ್ಲಿ ಹೆಚ್ಚಿನವರು ಹೆಂಗಸರೇ. ಅವರೇನು ರೋಗಿಗಳಾಗಿ ಬಂದವರಲ್ಲ, ಗಟ್ಟಿಮುಟ್ಟಾಗಿದ್ದೇನೆ, ನಾಲ್ಕು ಜನಕ್ಕೆ ಕೊಡುತ್ತೇನೆ ಎಂದು ಬಂದವರು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ. ಗಂಡಸರಲ್ಲಿ ಶೇಕಡಾ 19.6. ರಕ್ತಹೀನತೆ ಎನ್ನುವುದಕ್ಕೆ ಗಂಡಸಿಗೆ 13 ಗ್ರಾಂ ಗಡಿ, ಬಸುರಿಯಲ್ಲದ ಹೆಂಗಸಿಗೆ 12. ಪಾಸ್ ಮಾರ್ಕು ಇಳಿಸಿಯೂ ಈ ಫಲಿತಾಂಶ!

ತಿಂಗಳ ಮುಟ್ಟು, ಬಸುರು, ಬಾಣಂತನ ಎಲ್ಲಕ್ಕೂ ಕಬ್ಬಿಣ ಬೇಕು. ದಿನಕ್ಕೆ ಗಂಡಸಿಗೆ 19 ಮಿಲಿಗ್ರಾಂ, ಹೆಂಗಸಿಗೆ 29 ಎನ್ನುತ್ತದೆ ನಮ್ಮ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಈಗ ಬಸ್ಸಾರು ಮಾಡಿದ ಮನೆಯೊಂದನ್ನು ನೆನೆಸಿಕೊಳ್ಳಿ. ಬಸಿದ ಸೊಪ್ಪು, ಕಾಳು ಪಲ್ಯಕ್ಕೆ. ಬಸಿದ ನೀರು ಸಾರಿಗೆ. ಎಲ್ಲರಿಗೂ ಬಡಿಸಿ ಮನೆಯಾಕೆ ಕೂರುವ ಹೊತ್ತಿಗೆ ಪಲ್ಯದ ಬಾಣಲೆ ಖಾಲಿ, ಸಾರು ಮಾತ್ರ ಧಾರಾಳ. ಯಾರಾದರೂ ಕೇಳಿದರೆ "ನಂದಾಯ್ತು" ಅನ್ನುತ್ತಾಳೆ.

ಬಡತನ, ಓದು, ಜಾತಿ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಬಡವರಲ್ಲಿ, ಪರಿಶಿಷ್ಟ ಪಂಗಡದವರಲ್ಲಿ ರಕ್ತಹೀನತೆ ಹೆಚ್ಚು. ಆದರೆ ದೇಶದ ಅತಿ ಸಿರಿವಂತ ಮನೆಗಳಲ್ಲೂ ಸುಮಾರು ಅರ್ಧದಷ್ಟು ಹೆಂಗಸರಿಗೆ ಇದೆ. ದುಡ್ಡು ಬಂದರೆ ಸರಿಹೋಗುತ್ತದೆ ಎಂದು ನಾನಂತೂ ನಂಬುವುದಿಲ್ಲ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಟೀ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಅದು ಬಂಗಲೆಯಲ್ಲೂ ಒಂದೇ, ಗುಡಿಸಲಲ್ಲೂ ಒಂದೇ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಚೆನ್ನಾಗಿ ಹತ್ತುತ್ತದೆ.

ಗಂಡಸಿನ ಹನಿ ತೇಲಿದರೆ, ನಿಜ ಹೇಳಬೇಕೆಂದರೆ, ನನಗೆ ಇನ್ನೂ ಗಾಬರಿ. ತಿಂಗಳ ಮುಟ್ಟಿಲ್ಲದ ಮೈಯಿಂದ ರಕ್ತ ಎಲ್ಲಿ ಸೋರುತ್ತಿದೆ? ಮೂಲವ್ಯಾಧಿಯೋ, ಹೊಟ್ಟೆಯ ಹುಣ್ಣೋ, ಬರಿಗಾಲಲ್ಲಿ ತೋಟ ತಿರುಗಿ ಹತ್ತಿಸಿಕೊಂಡ ಕೊಕ್ಕೆಹುಳುವೋ? ಡಾಕ್ಟರ ಹತ್ತಿರ ಹೋಗಲೇಬೇಕು.

ಒಮ್ಮೆ ಕಾಲೇಜು ಹುಡುಗಿಯೊಬ್ಬಳ ಹನಿ ಅರ್ಧಕ್ಕಿಳಿದು, ಯೋಚನೆ ಮಾಡಿದ ಹಾಗೆ ನಿಂತು, ಮೇಲೆ ಬಂತು. "ನನಗೇನೂ ಆಗಿಲ್ಲ ಸರ್" ಎಂದಳು. ಮಹಡಿ ಹತ್ತುವಾಗ ಏದುಸಿರು? "ಅದು ಎಲ್ಲರಿಗೂ ಬರುತ್ತಲ್ವಾ? ಅಮ್ಮನಿಗೂ ಬರುತ್ತೆ, ಅಕ್ಕನಿಗೂ."

"ಅಣ್ಣನಿಗೆ?"

ಹುಡುಗಿ ಸುಮ್ಮನಾದಳು. ಅಮ್ಮ, ಅಕ್ಕ ಇಬ್ಬರನ್ನೂ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸು ಎಂದು ಚೀಟಿಯಲ್ಲಿ ಬರೆದುಕೊಟ್ಟೆ.

ನಮಸ್ಕಾರ.