ಮೇಷ್ಟ್ರಾಗಿ ಬಂದವರು ಶಾಸನ ಓದಿದರು

ಕೇಳುಗರೇ, ನಮಸ್ಕಾರ.

ಬಿ. ಎಲ್. ರೈಸ್ ಅಂದ ಕೂಡಲೇ ನೆನಪಾಗುವುದು ಶಾಸನಗಳು. ಆದರೆ ಅವರು ಸರ್ಕಾರಿ ಕೆಲಸಕ್ಕೆ ಸೇರಿದ್ದು ಮೇಷ್ಟ್ರಾಗಿ. ಹುಟ್ಟಿದ್ದು 1837ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಇಂಗ್ಲೆಂಡಿನಲ್ಲಿ ಓದಿ ಬಂದು, ಮುಂದೆ ಸೆಂಟ್ರಲ್ ಕಾಲೇಜಾದ ಶಾಲೆಗೆ ಮುಖ್ಯೋಪಾಧ್ಯಾಯರಾದರು. ಆಮೇಲೆ ಶಾಲಾ ತನಿಖೆ, ವಿದ್ಯಾ ಇಲಾಖೆ, 1881ರ ಜನಗಣತಿ. ನಡುವೆ ಮೈಸೂರು ಗೆಜೆಟಿಯರ್ ಬೇರೆ ಬರೆದರು.

ಹೀಗೆ ಇಲಾಖೆ ಇಲಾಖೆ ಸುತ್ತಿದ್ದರಿಂದ ಶಾಸನದ ಕೆಲಸ ಹಿಂದೆ ಬಿತ್ತು ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಶಾಲೆ ನೋಡಲು ಊರೂರು ಅಲೆದವರ ಕಣ್ಣಿಗೇ ಅಲ್ವಾ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತ ಕಲ್ಲು ಬೀಳುವುದು? 1880ರ ದಶಕದಲ್ಲಿ ಮೈಸೂರು ಸರ್ಕಾರ ಪುರಾತತ್ವದ ಹೊಣೆ ವಹಿಸಿದಾಗ ಅವರಿಗೆ ಸೀಮೆಯ ದಾರಿಗಳೆಲ್ಲ ಗೊತ್ತಿದ್ದವು. ಅವರು ಹೊರತಂದ ಶಾಸನ ಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ'ದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನ ಸೇರಿದ್ದು ಈ ಅಲೆದಾಟದ ಬಲದಿಂದ.

ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರದ ಅಚ್ಚನ್ನು ಕಾಗದದ ಮೇಲೆ ತೆಗೆಯುವುದು ಸುಮ್ನೆ ಮಾತಲ್ಲ. ಕಲ್ಲಿನ ಪಾಚಿ ಉಜ್ಜಿ ತೊಳೆಯಬೇಕು. ಒದ್ದೆ ಕಾಗದ ಹಾಸಿ, ಅಕ್ಷರದ ಕುಳಿಯೊಳಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿಯಬೇಕು. ಆಮೇಲೆ ಮಸಿ. ಗಾಳಿ ಜಾಸ್ತಿಯಾದರೆ ಕಾಗದ ಹರಿದು ಹೋಗುತ್ತದೆ. ಅಚ್ಚು ಬಂದ ಮೇಲೆ ಓದುವ ಕೆಲಸ. ಅದಕ್ಕೆ ಕಣ್ಣು ಸವೆಸಿದ ಕನ್ನಡ, ಸಂಸ್ಕೃತ ಪಂಡಿತರನ್ನು ನಾವು ಇನ್ನೂ ಹೆಚ್ಚು ನೆನೆಯಬೇಕು.

1892ರಲ್ಲಿ ಮೊಳಕಾಲ್ಮೂರಿನ ಕಡೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳಲ್ಲಿ ರೈಸ್ ಅಶೋಕನ ಶಾಸನಗಳನ್ನು ಕಂಡರು. ಅಶೋಕನ ದಕ್ಷಿಣ ಸೀಮೆಯ ಆಡಳಿತ ಕೇಂದ್ರ ಸುವರ್ಣಗಿರಿಯಿಂದ, ಈ ಕಡೆಯ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಬರೆದವನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ಕೊನೆಗೆ ತಾನು ಲಿಪಿಕಾರ ಅಂತ ಹೇಳುವ ಒಂದು ಪದ ಮಾತ್ರ ಖರೋಷ್ಠಿಯಲ್ಲಿ! ಬಲದಿಂದ ಎಡಕ್ಕೆ ಬರೆಯುವ, ದೂರದ ವಾಯವ್ಯ ಗಡಿಯ ಲಿಪಿ. ಆ ಕಡೆ ಕಲಿತ ಕೈಯೊಂದು ನಮ್ಮ ಚಿತ್ರದುರ್ಗದ ಬಂಡೆಯ ಮೇಲೆ ಗುರುತು ಬಿಟ್ಟಿದೆ. ಎಷ್ಟು ಸಲ ಓದಿದರೂ ನನಗೆ ರೋಮಾಂಚನವಾಗುತ್ತದೆ.

1906ರಲ್ಲಿ ರೈಸ್ ನಿವೃತ್ತರಾದರು. ಅವರ ಜಾಗಕ್ಕೆ ಬಂದ ಆರ್. ನರಸಿಂಹಾಚಾರ್ಯರು ಇನ್ನೂ ಸಾವಿರಾರು ಶಾಸನ ಹುಡುಕಿದರು. ಅವರದೇ ಒಂದು ದೊಡ್ಡ ಕಥೆ.

ಆ ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಹಳೇ ಮೈಸೂರು ಸೀಮೆಯವರಾದರೆ ನಿಮ್ಮ ತಾಲ್ಲೂಕು ತೆಗೆದು, ಊರಿನ ಹೆಸರು ಹುಡುಕಿ. ಯಾವ ಗುಡಿಯ ಹತ್ತಿರ, ಯಾರ ಹೊಲದಲ್ಲಿ ನೆಟ್ಟ ಕಲ್ಲು ಅಂತಲೂ ಬರೆದಿರುತ್ತಾರೆ. ಹೋಗಿ ನೋಡಿ, ಕಲ್ಲು ಇನ್ನೂ ಅಲ್ಲೇ ಇದೆಯಾ ಅಂತ. ನಮಸ್ಕಾರ.