ಮೊನ್ನೆ ಹೀಗಿದ್ರಾ?

ನಮಸ್ಕಾರ. ಮನೇಲಿ ಮರೆವಿನ ಕಾಯಿಲೆ ಇರೋ ಅಪ್ಪನ್ನೋ ಅಮ್ಮನ್ನೋ ಅತ್ತೇನೋ ನೋಡ್ಕೊಳ್ತಾ, ಮಧ್ಯಾಹ್ನದ ಕೆಲಸ ಮುಗಿಸಿ ಈಗಷ್ಟೇ ಕೂತಿರ್ತೀರಲ್ಲ, ನಾನು ಮಾತಾಡ್ತಿರೋದು ನಿಮ್ಮ ಜೊತೆ. ಇವತ್ತು ಒಂದೇ ಒಂದು ಪ್ರಶ್ನೆ ನಿಮ್ಮ ತಲೇಲಿ ಕೂರಿಸಬೇಕು ಅಂತಲೇ ಬಂದಿದೀನಿ. "ಮೊನ್ನೆ ಹೀಗಿದ್ರಾ?" ಅಷ್ಟೇ.

ಮರೆವಿನ ಕಾಯಿಲೆ, ಅಂದ್ರೆ ಡಿಮೆನ್ಶಿಯಾ, ನಿಧಾನದ ಕಾಯಿಲೆ. ಈ ವರ್ಷ ನೆಂಟರ ಹೆಸರು ತಪ್ಪುತ್ತೆ, ಮುಂದಿನ ವರ್ಷ ಬಚ್ಚಲುಮನೆ ದಾರಿ ತಪ್ಪುತ್ತೆ, ಹೀಗೆ ಜಾರ್ತಾ ಹೋಗುತ್ತೆ. ಡೆಲಿರಿಯಂ ಅಂತ ಇನ್ನೊಂದಿದೆ, ಅದು ಹಾಗಲ್ಲ, ಎರಡು ದಿನದಲ್ಲಿ, ಕೆಲವು ಸಲ ಒಂದೇ ರಾತ್ರೀಲಿ ಬಂದುಬಿಡುತ್ತೆ. ನಮ್ಮ ಹಿರಿಯರು ಸನ್ನಿ ಅಂತಿದ್ರಲ್ಲ, ಜ್ವರ ತಲೆಗೇರಿ ಸನ್ನಿ ಹಿಡೀತು ಅಂತ, ಹೆಚ್ಚುಕಮ್ಮಿ ಅದೇ. ಆ ಮಾತು ಬಳಕೆ ತಪ್ತಾ ಇರೋದು ನನಗಂತೂ ಬೇಜಾರು, ಯಾಕಂದ್ರೆ ರೋಗ ಮೈಯಲ್ಲಿದೆ, ತಲೆ ಕೆಟ್ಟಂಗೆ ಕಾಣ್ತಿದೆ ಅಷ್ಟೇ ಅನ್ನೋದು ಆಗ ಅಕ್ಷರ ಬರದೋರಿಗೂ ಗೊತ್ತಿತ್ತು. ಈಗ ಮೊದಲೇ ಮರೆವು ಇರೋರಿಗೆ ಸನ್ನಿ ಬಂದ್ರೆ "ಕಾಯಿಲೆ ಜಾಸ್ತಿ ಆಯ್ತು, ಅರಳು ಮರಳು" ಅಂತ ಸುಮ್ನಾಗ್ತೀವಿ. ಸನ್ನಿ ಸುಲಭವಾಗಿ ಬರೋದೂ ಅವರಿಗೇ, ನಾವು ಗುರುತು ಹಿಡೀದೆ ಬಿಡೋದೂ ಅವರನ್ನೇ.

ತಿಪಟೂರು ಕಡೆಯ ಒಬ್ಬರು ಅಜ್ಜಿ ವಿಷಯ ಹೇಳ್ತೀನಿ. ಮರೆವು ಶುರುವಾಗಿ ನಾಲ್ಕೈದು ವರ್ಷ ಆಗಿತ್ತು, ಮಗನ್ನ ಅಣ್ಣ ಅಂತ ಕರೀತಿದ್ರು, ಸೊಸೆ ಯಾರೂಂತ ಗೊತ್ತಿಲ್ಲ, ಆದ್ರೆ ಬೆಳಗ್ಗೆ ಮುಂದೆ ಒಂದಷ್ಟು ಬಿಡಿ ಹೂವು, ನೆನೆಸಿದ ಬಾಳೆನಾರು ಇಟ್ಬಿಟ್ರೆ ಸಾಕು, ಮೊಳಗಟ್ಟಲೆ ಕಟ್ತಾ ಕೂರೋರು, ಮಲ್ಲಿಗೆ ಮಧ್ಯೆ ಕನಕಾಂಬರ ಲೆಕ್ಕ ತಪ್ಪದ ಹಾಗೆ. ಒಂದಿನ ನಾರು ಕೈಯಲ್ಲಿ ಹಿಡ್ಕೊಂಡು ಹಾಗೇ ಕೂತ್ರಂತೆ. ಗಂಟೇ ಬೀಳ್ಲಿಲ್ಲ. ಮಾತಾಡಿಸಿದ್ರೆ ಹೂಂ ಅಂತ ಕಣ್ಣು ಮುಚ್ಚೋರು, ಬಾಯಿಗಿಟ್ಟ ಅನ್ನ ಬಾಯಲ್ಲೇ. ಮನೆಯವರಿಗೆಲ್ಲ ಒಂಥರಾ ಸಮಾಧಾನ, ರಾತ್ರಿ ಎದ್ದು ಬಾಗಿಲು ಬಡಿಯೋದು ನಿಂತಿತ್ತಲ್ಲ! ಊರಲ್ಲಿ ತೋರಿಸಿದ್ರೆ ವಯಸ್ಸಾಯ್ತು, ಇನ್ನು ಹೀಗೇ ಅಂದ್ರು. ಪಾಪ, ಆ ಡಾಕ್ಟ್ರು ನೋಡಿದ್ದು ಬೆಳಗ್ಗೆ, ಅಜ್ಜಿ ಅರ್ಧಂಬರ್ಧ ಚೆನ್ನಾಗೇ ಇದ್ರು, ಸಂಜೆ ಹೊತ್ತಿಗೆ ಎಬ್ಬಿಸೋಕೂ ಆಗ್ತಿರ್ಲಿಲ್ಲ. ಸನ್ನಿ ಹೀಗೇ, ಬೆಳಗ್ಗೆ ಒಂದು ಸಂಜೆ ಒಂದು.

ಸೊಸೆ ಮಾತ್ರ ಒಪ್ಲಿಲ್ಲ. ಕಾರು ಮಾಡ್ಕೊಂಡು ನನ್ನ ಹತ್ರ ಕರ್ಕೊಂಡು ಬಂದು ಒಂದೇ ಮಾತು ಹೇಳಿದ್ರು, "ಮೊನ್ನೆ ಹೂವು ಕಟ್ಟಿದ್ರು ಡಾಕ್ಟ್ರೇ, ಇವತ್ತು ಕಟ್ತಿಲ್ಲ." ನೋಡಿ, ಇದಕ್ಕಿಂತ ಒಳ್ಳೆ ರಿಪೋರ್ಟು ಯಾವ ಸ್ಕ್ಯಾನೂ ಕೊಡಲ್ಲ. ಹೊಟ್ಟೆ ಮುಟ್ಟಿ ನೋಡಿದ್ರೆ ಕೆಳಹೊಟ್ಟೆ ಕಲ್ಲಿನ ಹಾಗೆ ಗಟ್ಟಿ. ಮೂತ್ರ ಕಟ್ಟಿತ್ತು. ಸೀರೆ ಒದ್ದೆ ಆಗ್ತಾನೇ ಇದೆ, ಹೋಗ್ತಿದೆ ಅಂತ ಇವರು ಅಂದ್ಕೊಂಡಿದ್ರು, ಅದು ತುಂಬಿದ ಬಿಂದಿಗೆ ತುಳುಕಿದ ಹಾಗೆ ಸೋರ್ತಾ ಇದ್ದಿದ್ದು. ನಳಿಗೆ ಹಾಕಿದ್ರೆ ಹತ್ತಿರ ಹತ್ತಿರ ಒಂದು ಲೀಟರ್ ಬಂತು. ಇದ್ಯಾಕಾಯ್ತು ಅಂತ ಕೆದಕ್ತಾ ಹೋದ್ರೆ, ಮೂಗು ಸೋರುತ್ತೆ ಅಂತ ಮೆಡಿಕಲ್ ಶಾಪಿಂದ ತಂದ ಶೀತದ ಮಾತ್ರೆ, ದಿನಕ್ಕೆ ಮೂರು, ನಾಲ್ಕು ದಿನ. ಅದರಲ್ಲಿ ಕ್ಲೋರ್‌ಫೆನಿರಮಿನ್ ಅನ್ನೋ ಔಷಧಿ ಇರುತ್ತೆ, ವಯಸ್ಸಾದೋರಿಗೆ ಮೂತ್ರಾನೂ ಕಟ್ಟಿಸುತ್ತೆ, ತಲೇನೂ ಮಂಕು ಮಾಡುತ್ತೆ, ಮಲಬದ್ಧತೆ ಬೇರೆ. ಮಾತ್ರೆ ನಿಲ್ಲಿಸಿ, ಹೊಟ್ಟೆ ಖಾಲಿ ಮಾಡಿಸಿ, ನೀರು ಕುಡಿಸಿ, ಅಷ್ಟೇ ನಾವು ಮಾಡಿದ್ದು. ಆರನೇ ದಿನ ವಾರ್ಡಲ್ಲಿ ಹೊದಿಕೆ ಅಂಚಿನ ದಾರ ಎಳೆದು ಬೆರಳಿಗೆ ಸುತ್ತಿ ಗಂಟು ಹಾಕ್ತಾ ಕೂತಿದ್ರು. ಸೊಸೆ ಅತ್ತುಬಿಟ್ರು. ಮಗನ ಹೆಸರು ವಾಪಸ್ ಬರಲಿಲ್ಲ, ಅದು ಬರೋದೂ ಇಲ್ಲ, ಆದ್ರೆ ಹೂವು ವಾಪಸ್ ಬಂತು.

ಮೊನ್ನೆ ಹೀಗಿದ್ರಾ? ಇರ್ಲಿಲ್ಲ ಅಂದ್ರೆ ಇವತ್ತೇ ಡಾಕ್ಟ್ರಿಗೆ ತೋರಿಸಿ. ನಾಳೆ ಅಲ್ಲ, ಹಬ್ಬ ಮುಗೀಲಿ ಅಂತ ಅಲ್ಲ.

ಸ್ಟುಡಿಯೋ ಗಾಜಿನ ಆಚೆಯಿಂದ ಟೈಮ್ ತೋರಿಸ್ತಿದಾರೆ, ಉಳಿದಿದ್ದು ಬೇಗ ಬೇಗ ಹೇಳ್ತೀನಿ. ಸನ್ನಿ ಅಂದ್ರೆ ಕೂಗಾಟ, ಗೋಡೆ ಮೇಲೆ ಹುಳ ಕಾಣೋದು, ಸೂಜಿ ಕಿತ್ತಾಕೋದು ಮಾತ್ರ ಅಲ್ಲ, ಮಂಕಾಗಿ ಬಿದ್ಕೊಳ್ಳೋದೂ ಸನ್ನೀನೇ, ನಮ್ಮ ಕಣ್ಣಿಗೆ ಬೀಳದೆ ಜಾಸ್ತಿ ತಪ್ಪಿಸ್ಕೊಳ್ಳೋದೂ ಅದೇ. ದಯವಿಟ್ಟು ಸುಮ್ನಿದಾರೆ ಅಂತ ಖುಷಿ ಪಡಬೇಡಿ. ಗಮನ ನೋಡಿ, ಕರೆದ್ರೆ ತಿರುಗೋರು ಈಗ ತಿರುಗ್ತಿದಾರಾ, ಮಾತಿನ ಮಧ್ಯೆ ಕಣ್ಣು ಎಳೀತಿದ್ಯಾ ಅಂತ. ಆಸ್ಪತ್ರೇಲಿ ನಾವು 4ಎಟಿ ಅಂತ ಒಂದು ಸಣ್ಣ ಪರೀಕ್ಷೆ ಮಾಡ್ತೀವಿ, ಡಿಸೆಂಬರಿಂದ ತಿಂಗಳುಗಳನ್ನ ಹಿಂದಕ್ಕೆ ಹೇಳಿ ಅಂತ ಕೇಳ್ತೀವಿ, ಆದ್ರೆ ಮರೆವು ಇರೋರು ಅದನ್ನ ಮೊದಲಿಂದಾನೂ ಹೇಳಲ್ಲ, ಹಾಗಾಗಿ ಅದರಲ್ಲೇ ಇನ್ನೊಂದು ಪ್ರಶ್ನೆ ಇದೆ, ಇತ್ತೀಚೆಗೆ ಇದ್ದಕ್ಕಿದ್ದಂಗೆ ಬದಲಾದ್ರಾ ಅಂತ. ಅದಕ್ಕೆ ಉತ್ತರ ನನ್ನ ಹತ್ರ ಇಲ್ಲ, ನಿಮ್ಮ ಹತ್ರ ಇದೆ.

ಕಾರಣಗಳು ಅಂದ್ರೆ ಮೂತ್ರದ ಸೋಂಕು, ನ್ಯುಮೋನಿಯಾ, ಇವರಿಗೆ ಜ್ವರ ಬರದೇನೂ ಇರಬಹುದು, ಆಮೇಲೆ ನೀರು ಸಾಲದು, ಸಕ್ಕರೆ ಇಳಿಯೋದು, ಬಿಪಿಗೆ ಅಂತ ಮೂತ್ರ ಹೋಗೋ ಮಾತ್ರೆ ತಗೊಂಡು ರಕ್ತದಲ್ಲಿ ಸೋಡಿಯಂ ಇಳಿಯೋದು, ಬಿದ್ದು ಸೊಂಟದ ಮೂಳೆ ಮುರಿದಿದ್ರೂ ನೋವು ಅಂತ ಹೇಳೋಕೆ ಬರದೇ ಇರೋದು. ನಿದ್ದೆ ಮಾತ್ರೆ ನೀವಾಗೇ ಕೊಡಬೇಡಿ, ಕೈಕಾಲು ಕಟ್ಟಬೇಡಿ. ಕನ್ನಡಕ, ಕಿವಿ ಮಷಿನ್ನು ಹಾಕಿ, ರಾತ್ರಿ ಒಂದು ಸಣ್ಣ ದೀಪ ಉರೀಲಿ, ಪರಿಚಯದ ಮುಖ ಒಂದು ಪಕ್ಕದಲ್ಲಿರ್ಲಿ. ಎಬ್ಬಿಸಿದ್ರೂ ಏಳ್ತಿಲ್ಲ ಅಂದ್ರೆ 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಗೆ ಬರೋವಾಗ ಮನೇಲಿರೋ ಮಾತ್ರೆ ಎಲ್ಲಾ ಒಂದು ಕವರ್‌ಗೆ ಹಾಕ್ಕೊಂಡು ಬನ್ನಿ. ಪಕ್ಕದ ಮನೆಯವರು ಕೊಟ್ಟಿದ್ದು, ಚೀಟಿ ಇಲ್ದೆ ತಂದಿದ್ದು, ಎಲ್ಲಾನೂ. ಯಾರೂ ಬೈಯಲ್ಲ.