ಟ್ರ್ಯಾಕಿನಲ್ಲಿ ಬಿದ್ದರೆ ಇನ್ಶೂರೆನ್ಸ್ ಸಿಗ್ತದಾ?

[ದೃಶ್ಯ: ದೇವಿಮನೆ ಘಾಟಿನ ಒಂದು ತಿರುವು. ಬೈಕ್ ಬದಿಗೆ ನಿಲ್ಲಿಸಿ ಮಾತು ಶುರು.]

ನಮಸ್ಕಾರ. ಶಿರಸಿಯ ಒಬ್ಬ ತಮ್ಮ ಕೇಳಿದ್ದಾನೆ: "ಅಣ್ಣಾ, ಬೈಕಿಗೆ ಫುಲ್ ಇನ್ಶೂರೆನ್ಸ್ ಉಂಟು. ಕೊಯಮತ್ತೂರಿನ ಕರಿ ಅನ್ನುವ ರೇಸ್ ಟ್ರ್ಯಾಕಿಗೆ, ಟ್ರ್ಯಾಕ್ ಡೇಗೆ ಹೊರಟಿದ್ದೇನೆ. ಅಲ್ಲಿ ಬಿದ್ದರೆ ಕ್ಲೇಮ್ ಸಿಗ್ತದಾ?"

ಟ್ರ್ಯಾಕ್ ಡೇ ಗೊತ್ತಲ್ವಾ? ದುಡ್ಡು ಕೊಟ್ಟು ನಮ್ಮದೇ ಗಾಡಿಯನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವುದು. ಕಪ್ಪೂ ಇಲ್ಲ, ಮೊದಲ ಸ್ಥಾನವೂ ಇಲ್ಲ. ಥರ್ಡ್ ಪಾರ್ಟಿ ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಯ ವಿಮೆ, ಓನ್ ಡ್ಯಾಮೇಜ್ ಅಂದರೆ ನಮ್ಮ ಗಾಡಿಗೇ ಆದ ಹಾನಿಯ ವಿಮೆ; ಫುಲ್ ಇನ್ಶೂರೆನ್ಸ್ ಅಂದರೆ ಎರಡೂ.

ಸಿಗುವುದಿಲ್ಲ ಅಂದುಕೊಂಡೇ ಹೊರಡು, ತಮ್ಮಾ. ಪಾಲಿಸಿ ಕಾಗದದಲ್ಲಿ 'ಲಿಮಿಟೇಶನ್ಸ್ ಆ್ಯಸ್ ಟು ಯೂಸ್' ಅಂತ ಒಂದು ಭಾಗ ಇರುತ್ತದೆ. ಬಾಡಿಗೆ, ಸರಕು ಸಾಗಣೆ, ಆರ್ಗನೈಸ್ಡ್ ರೇಸಿಂಗ್, ಪೇಸ್ ಮೇಕಿಂಗ್ (ಮುಂದೆ ಓಡಿ ಬೇರೆಯವರಿಗೆ ವೇಗ ಹಿಡಿದುಕೊಡುವುದು), ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್. ಇದಕ್ಕೆಲ್ಲ ಗಾಡಿ ಬಳಸಿದರೆ ವಿಮೆ ಇಲ್ಲ. "ನಾನು ರೇಸ್ ಮಾಡಲೇ ಇಲ್ಲ ಸರ್" ಅಂದರೆ, ಪಕ್ಕದಲ್ಲೇ ಸ್ಪೀಡ್ ಟೆಸ್ಟಿಂಗ್ ಹೊಂಚು ಹಾಕಿ ಕೂತಿದೆ.

ಆ ಕೊನೆಯದು, ರಿಲಯಬಿಲಿಟಿ ಟ್ರಯಲ್, ಅದೇನು ಅಂತ ಹುಡುಕಿ ನಾನು ಒಂದು ಸಂಜೆ ಕಳೆದೆ. ಜನ ಕಾರನ್ನು ನಂಬದ ಕಾಲದ ಮಾತು ಅದು. 1900ರಲ್ಲಿ ಬ್ರಿಟನ್ನಿನಲ್ಲಿ ಥೌಸಂಡ್ ಮೈಲ್ಸ್ ಟ್ರಯಲ್ ನಡೆಯಿತು. ಲಂಡನ್ನಿನಿಂದ ಎಡಿನ್‌ಬರೋಗೆ ಹೋಗಿ ವಾಪಸ್, ಸುಮಾರು 1,600 ಕಿಲೋಮೀಟರ್. ಯಾರು ಮೊದಲು ಬಂದರು ಅನ್ನುವುದಕ್ಕಿಂತ, ಗಾಡಿ ಕೆಟ್ಟು ನಿಲ್ಲದೆ ಬಂತಾ ಅನ್ನುವುದೇ ದೊಡ್ಡ ಪ್ರಶ್ನೆ. ಆ ಕಾಲದ ಮಾತು ನಿಮ್ಮ ಸ್ಕೂಟರಿನ ಪಾಲಿಸಿಯಲ್ಲಿ ಇವತ್ತಿಗೂ ಕೂತಿದೆ! ಮಳೆಗಾಲದಲ್ಲಿ ಹಳೇ ಸ್ಕೂಟರಿಗೆ ಹಲಸಿನಹಣ್ಣು ಕಟ್ಟಿಕೊಂಡು ಕುಮಟಾದಿಂದ ಈ ಘಾಟ್ ಹತ್ತುವುದೂ ನನ್ನ ಲೆಕ್ಕದಲ್ಲಿ ರಿಲಯಬಿಲಿಟಿ ಟ್ರಯಲ್ಲೇ. ಹೆದರಬೇಡಿ, ಅದಕ್ಕೆ ವಿಮೆ ಇದೆ.

[ದೃಶ್ಯ: ನಕ್ಷೆ. ಶಿರಸಿಯಿಂದ ಕೊಯಮತ್ತೂರಿಗೆ ಒಂದು ಗೆರೆ.]

ಟ್ರ್ಯಾಕಿನ ಗೇಟಿನವರೆಗೆ ರಸ್ತೆಯಲ್ಲಿ ಓಡಿಸಿಕೊಂಡು ಹೋದರೆ ಮಾಮೂಲಿ ವಿಮೆ ಮಾಮೂಲಿಯಂತೆ ನಡೆಯುತ್ತದೆ. ತಕರಾರು ಶುರುವಾಗುವುದು ಗೇಟಿನ ಒಳಗೆ. ಒಳಗೆ ಬಿದ್ದು, ಹೊರಗೆ ರಸ್ತೆಯಲ್ಲಿ ಬಿದ್ದೆ ಅಂದರೆ? ಅದು ಮೋಸ. ಜೊತೆಗೆ ನೀನು ಬಿದ್ದ ವಿಡಿಯೋವನ್ನು ನಿನ್ನ ದೋಸ್ತನೇ ಆಗಲೇ ಇನ್‌ಸ್ಟಾಗ್ರಾಂಗೆ ಹಾಕಿರುತ್ತಾನೆ.

ಟೈಮ್ ಆಗ್ತಾ ಬಂತು, ಉಳಿದದ್ದು ಗಡಿಬಿಡಿಯಲ್ಲಿ. ಝೀರೋ ಡೆಪ್, ಅಂದರೆ ಬಿಡಿಭಾಗದ ಸವಕಳಿ ಕಳೆಯದೆ ದುಡ್ಡು ಕೊಡುವ ಹೆಚ್ಚುವರಿ ವಿಮೆ, ತಗೊಂಡರೂ ಈ ಷರತ್ತು ಹಾಗೇ ಇರುತ್ತದೆ. ಓಡಿಸಿ ಓಡಿಸಿ ಎಂಜಿನ್ ಕೆಟ್ಟರೆ, ಮೆಕ್ಯಾನಿಕಲ್ ಬ್ರೇಕ್‌ಡೌನಿಗೆ ಮಾಮೂಲಿ ಪಾಲಿಸಿ ರಸ್ತೆಯಲ್ಲೂ ದುಡ್ಡು ಕೊಡುವುದಿಲ್ಲ. ಥರ್ಡ್ ಪಾರ್ಟಿಯಲ್ಲೂ, ಮೋಟಾರು ವಾಹನ ಕಾಯ್ದೆಯ 150ನೇ ಸೆಕ್ಷನ್ ಪ್ರಕಾರ, ರೇಸಿಂಗ್, ಸ್ಪೀಡ್ ಟೆಸ್ಟಿಂಗ್ ಅಂತ ಹೇಳಿ ಕಂಪನಿ ವಾದ ಹೂಡಬಹುದು. ಆರೋಗ್ಯ ವಿಮೆಯದ್ದು ಬೇರೆ ಮಜಾ. ಅಲ್ಲಿ ಮೋಟಾರ್ ರೇಸಿಂಗೂ ಸ್ಕೂಬಾ ಡೈವಿಂಗೂ ಒಂದೇ ಸಾಲಿನಲ್ಲಿವೆ, ಆದರೆ 'ವೃತ್ತಿಪರರಾಗಿ' ಮಾಡಿದರೆ ಮಾತ್ರ ಹಣ ಇಲ್ಲ ಅನ್ನುವುದು ಮಾಮೂಲಿ ಷರತ್ತು. ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗಿಗೆ ಹೋಗುವವರೂ ಆ ಸಾಲು ಓದಿಕೊಳ್ಳಿ.

ತಮ್ಮಾ, ಹೊರಡುವ ಮೊದಲು ಕಂಪನಿಗೆ ಮೇಲ್ ಹಾಕಿ ಕೇಳು. ಫೋನಿನಲ್ಲಿ "ಆಗ್ತದೆ ಸರ್" ಅಂದದ್ದು ಲೆಕ್ಕಕ್ಕಿಲ್ಲ.